ಮನುಷ್ಯನನ್ನು ಅವನ ಪರಿಸರದೊಳಗಿಟ್ಟು ಓದುವುದು: ಸಮಾಜಕಾರ್ಯ ಶಿಕ್ಷಣದ ಒಂದು ಮೂಲಪಾಠ

ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ, ಅಂದರೆ ಎಂ.ಎಸ್.ಡಬ್ಲ್ಯೂ.ಗೆ ಸೇರಿದ ವಿದ್ಯಾರ್ಥಿಗೆ ಮೊದಲ ವರ್ಷದಲ್ಲೇ ಎದುರಾಗುವ ಪತ್ರಿಕೆಗಳಲ್ಲಿ ಒಂದು ಮಾನವ ವರ್ತನೆಯನ್ನೂ ಸಾಮಾಜಿಕ ಪರಿಸರವನ್ನೂ ಕುರಿತದ್ದು. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಅದರ ಹೆಸರು ಸ್ವಲ್ಪ ಬದಲಾಗುತ್ತದೆ. ಕೆಲವೆಡೆ ಅದು ಮಾನವ ಬೆಳವಣಿಗೆ ಮತ್ತು ವರ್ತನೆ ಎಂದಿದ್ದರೆ, ಇನ್ನು ಕೆಲವೆಡೆ ಮನೋವಿಜ್ಞಾನ, ಸಮಾಜಶಾಸ್ತ್ರ ಎಂದು ಎರಡಾಗಿ ಒಡೆದಿರುತ್ತದೆ. ಪಠ್ಯಪುಸ್ತಕ ತೆರೆದೊಡನೆ ಫ್ರಾಯ್ಡ್, ಪಿಯಾಜೆ, ಎರಿಕ್ಸನ್ ಎಂಬ ಹೆಸರುಗಳ ಸಾಲು ಕಾಣಿಸುವುದರಿಂದ, ಇದು ಮನೋವಿಜ್ಞಾನದ ಸಂಕ್ಷಿಪ್ತ ಆವೃತ್ತಿ ಎಂದು ವಿದ್ಯಾರ್ಥಿ ಭಾವಿಸುವುದು ಸಹಜ. ಆದರೆ ಈ ಪತ್ರಿಕೆಯ ಗುರಿ ಬೇರೆಯೇ ಆಗಿದೆ. ಮನೋವಿಜ್ಞಾನಿ ವರ್ತನೆಯ ನಿಯಮಗಳನ್ನು ಹುಡುಕುತ್ತಾರೆ, ಸಮಾಜಶಾಸ್ತ್ರಜ್ಞರು ಸಮಾಜದ ರಚನೆಯನ್ನು ವಿವರಿಸುತ್ತಾರೆ. ಸಮಾಜಕಾರ್ಯಕರ್ತರಿಗೆ ಇವೆರಡೂ ಬೇಕು, ಆದರೆ ಅವರ ಪ್ರಶ್ನೆ ಅಷ್ಟಕ್ಕೆ ಮುಗಿಯುವುದಿಲ್ಲ: ನೆರವು ಕೋರಿ ಬಂದ, ಅಥವಾ ಬೇರೆಯವರ ದೂರಿನಿಂದಾಗಿ ತಮ್ಮ ಮುಂದೆ ಕೂತಿರುವ ಈ ಒಬ್ಬ ವ್ಯಕ್ತಿಯ ವಿಷಯದಲ್ಲಿ ಎಲ್ಲಿ ಕೈಹಾಕಿದರೆ ಏನಾದರೂ ಬದಲಾದೀತು ಎಂಬುದನ್ನು ಅವರು ನಿರ್ಧರಿಸಬೇಕು.

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಪ್ರಕರಣವನ್ನು ಎದುರಿಗಿಟ್ಟುಕೊಳ್ಳೋಣ. ಬೆಂಗಳೂರಿನ ಹೊರವಲಯದ ಸರ್ಕಾರಿ ಶಾಲೆಯೊಂದರಲ್ಲಿ ಏಳನೇ ತರಗತಿಯ ಹುಡುಗನೊಬ್ಬನಿದ್ದಾನೆ. ಅವನ ತಂದೆತಾಯಿ ರಾಯಚೂರು ಜಿಲ್ಲೆಯಿಂದ ಬಂದು ಕಟ್ಟಡ ಕಾಮಗಾರಿಯಲ್ಲಿ ದುಡಿಯುತ್ತಾರೆ, ಕಾಮಗಾರಿಯ ಜಾಗದಲ್ಲೇ ತಗಡಿನ ಶೆಡ್ಡಿನಲ್ಲಿ ವಾಸವಾಗಿದ್ದಾರೆ. ಹುಡುಗ ವಾರದಲ್ಲಿ ಎರಡು ಮೂರು ದಿನ ಶಾಲೆಗೆ ಬರುವುದಿಲ್ಲ, ಬಂದ ದಿನ ತೂಕಡಿಸುತ್ತಾನೆ, ಕೆಣಕಿದವರನ್ನು ಹೊಡೆಯುತ್ತಾನೆ. ಶಿಕ್ಷಕರ ದೃಷ್ಟಿಯಲ್ಲಿ ಅವನು ಉಡಾಫೆಯ ಹುಡುಗ. ಕ್ಷೇತ್ರಕಾರ್ಯಕ್ಕೆ, ಅಂದರೆ ಸ್ಥಳದಲ್ಲೇ ಕೆಲಸ ಕಲಿಯಲು ಬಂದ ಇಬ್ಬರು ಸಮಾಜಕಾರ್ಯ ವಿದ್ಯಾರ್ಥಿಗಳಲ್ಲಿ ಒಬ್ಬರು ಪಠ್ಯದಲ್ಲಿ ಓದಿದ ವರ್ತನಾ ದೋಷದ ಲಕ್ಷಣಗಳನ್ನು ಅವನಲ್ಲಿ ಗುರುತಿಸುತ್ತಾರೆ. ಇನ್ನೊಬ್ಬರು ಎಲ್ಲಕ್ಕೂ ಬಡತನವೇ ಕಾರಣವೆಂದು ಬರೆದು ವರದಿ ಮುಗಿಸುತ್ತಾರೆ. ಮೂರು ತೀರ್ಮಾನಗಳೂ ಬೇರೆಬೇರೆಯಾಗಿ ಕಂಡರೂ ಅವುಗಳಲ್ಲಿ ಒಂದು ಸಮಾನ ದೋಷವಿದೆ. ಹಾಜರಿ ಪುಸ್ತಕದಲ್ಲಿ ಅವನು ಯಾವ ಯಾವ ದಿನ ಗೈರಾಗಿದ್ದಾನೆ ಎಂದು ಯಾರೂ ನೋಡಿಲ್ಲ.

ನೋಡಿದ್ದರೆ, ಅವನ ಗೈರುಹಾಜರಿಯ ದಿನಗಳು ಕಾಮಗಾರಿಯಲ್ಲಿ ತಾರಸಿಗೆ ಕಾಂಕ್ರೀಟು ಹಾಕುವ ದಿನಗಳೊಂದಿಗೆ ಸರಿಹೊಂದುತ್ತವೆ ಎಂಬುದು ತಿಳಿಯುತ್ತಿತ್ತು. ಅಂಥ ದಿನ ಅಪ್ಪ ಅಮ್ಮ ಇಬ್ಬರಿಗೂ ಕೆಲಸವಿರುತ್ತದೆ, ಕೆಲಸ ರಾತ್ರಿಯವರೆಗೂ ಎಳೆಯುತ್ತದೆ, ಮೂರು ವರ್ಷದ ತಂಗಿಯನ್ನು ಕಬ್ಬಿಣದ ಸರಳುಗಳ ನಡುವೆ ಬಿಡಲಾಗದು. ತಂಗಿಯನ್ನು ನೋಡಿಕೊಳ್ಳುವವನು ಈ ಹುಡುಗ. ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರು ಸಾಮಾನ್ಯವಾಗಿ ಕೆಲಸ ಮಾಡುವ ಕಾಮಗಾರಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಕೋಣೆಯೊಂದನ್ನು ಒದಗಿಸಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆ ಕೋಣೆ ಇಲ್ಲದಿರುವುದಕ್ಕೂ ಹುಡುಗ ತರಗತಿಯಲ್ಲಿ ನಿದ್ದೆ ಹೋಗುವುದಕ್ಕೂ ನೇರ ಸಂಬಂಧವಿದೆ. ಹಾಗೆಂದು ಹೊಡೆದಾಟದ ಪ್ರಶ್ನೆ ಇದರಿಂದ ತೀರಿಹೋಗುವುದಿಲ್ಲ. ಅದಕ್ಕೆ ಬೇರೆ ಕಾರಣಗಳಿರಬಹುದು. ಆದರೆ ಆಪ್ತಸಮಾಲೋಚನೆಯಿಂದ ಸರಿಹೋಗಬೇಕಾದದ್ದು ಯಾವುದು, ಗುತ್ತಿಗೆದಾರನ ಬಳಿಗೋ ಕಾರ್ಮಿಕ ಇಲಾಖೆಗೋ ಹೋಗಿ ಸರಿಪಡಿಸಬೇಕಾದದ್ದು ಯಾವುದು ಎಂದು ಬಿಡಿಸಿ ನೋಡುವುದೇ ಈ ಪತ್ರಿಕೆ ಕಲಿಸಬೇಕಾದ ವಿದ್ಯೆ.

ಈ ವಿದ್ಯೆ ಸುಲಭವಾಗಿ ರೂಪುಗೊಂಡದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಕೈಗಾರಿಕಾ ನಗರಗಳಲ್ಲಿ ಬಡತನವನ್ನು ಎದುರಿಸುವ ಎರಡು ಪ್ರತ್ಯೇಕ ಪರಂಪರೆಗಳು ಬೆಳೆದವು. ದಾನ ನೀಡುವ ಸಂಸ್ಥೆಗಳನ್ನು ಒಂದುಗೂಡಿಸಿದ ಸಂಘಗಳು ಸ್ವಯಂಸೇವಕರನ್ನು ಮನೆಮನೆಗೆ ಕಳುಹಿಸಿ, ಯಾರು ನೆರವಿಗೆ ಅರ್ಹರು, ಯಾರು ಸೋಮಾರಿಗಳು ಎಂದು ವಿಂಗಡಿಸುತ್ತಿದ್ದವು; ಬಡತನದ ಬೇರು ಬಡವರ ನಡತೆಯಲ್ಲಿದೆ ಎಂಬ ನಂಬಿಕೆ ಈ ಕೆಲಸದ ಹಿಂದಿತ್ತು. ಇನ್ನೊಂದೆಡೆ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಶಿಕಾಗೋದ ವಲಸಿಗರ ಬಡಾವಣೆಯೊಂದರಲ್ಲಿ ಹಲ್ ಹೌಸ್ ತೆರೆದು ಅಲ್ಲಿಯೇ ನೆಲೆಸಿದರು. ಅಲ್ಲಿನ ನಿವಾಸಿಗಳು 1895ರಲ್ಲಿ ಸುತ್ತಲಿನ ಬೀದಿಗಳ ನಕ್ಷೆಗಳನ್ನು ಪ್ರಕಟಿಸಿದರು. ಯಾವ ಮನೆಯಲ್ಲಿ ಯಾವ ದೇಶದಿಂದ ಬಂದವರಿದ್ದಾರೆ, ಆ ಮನೆಗೆ ವಾರಕ್ಕೆ ಎಷ್ಟು ಕೂಲಿ ಬರುತ್ತದೆ ಎಂಬುದನ್ನು ಅವರು ಬಣ್ಣಗಳಲ್ಲಿ ಗುರುತಿಸಿದ್ದರು. ಮೊದಲ ಪರಂಪರೆ ವ್ಯಕ್ತಿಯನ್ನು ತನಿಖೆ ಮಾಡಿತು, ಎರಡನೆಯದು ಬೀದಿಯನ್ನು ಓದಿತು.

ಇವೆರಡನ್ನೂ ಒಂದೇ ವೃತ್ತಿಯೊಳಗೆ ತರುವ ಪ್ರಯತ್ನದಲ್ಲಿ ಮೇರಿ ರಿಚ್ಮಂಡ್ ಅವರ ಪಾಲು ದೊಡ್ಡದು. ಅವರು ದಾನಸಂಘಗಳ ಪರಂಪರೆಯಿಂದಲೇ ಬಂದವರು. ಆದರೂ ಸಾಮಾಜಿಕ ರೋಗನಿದಾನವನ್ನು ಕುರಿತ 1917ರ ತಮ್ಮ ಗ್ರಂಥದಲ್ಲಿ, ಕಷ್ಟದಲ್ಲಿರುವವರ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲು ಕುಟುಂಬ, ಶಾಲೆ, ವೈದ್ಯರು, ಮಾಲೀಕರು, ನೆರೆಯವರು ಹೀಗೆ ಹಲವು ಮೂಲಗಳಿಂದ ಸಾಕ್ಷ್ಯ ಸಂಗ್ರಹಿಸಿ ತೂಗಿನೋಡಬೇಕೆಂದು ಅವರು ಪಟ್ಟುಹಿಡಿದರು. ಐದು ವರ್ಷಗಳ ನಂತರ, ಮನುಷ್ಯ ಮತ್ತು ಅವನ ಸಾಮಾಜಿಕ ಪರಿಸರದ ನಡುವೆ ಪ್ರಜ್ಞಾಪೂರ್ವಕವಾಗಿ ಹೊಂದಾಣಿಕೆ ತರುವ ಮೂಲಕ ವ್ಯಕ್ತಿತ್ವವನ್ನು ಬೆಳೆಸುವ ಕೆಲಸವೇ ವೈಯಕ್ತಿಕ ಸಮಾಜಕಾರ್ಯ ಎಂಬ ಅರ್ಥದ ವ್ಯಾಖ್ಯೆಯನ್ನು ಕೊಟ್ಟರು. ಆ ಹೊತ್ತಿಗೆ ಮೊದಲ ಮಹಾಯುದ್ಧದಿಂದ ಮಾನಸಿಕವಾಗಿ ಜರ್ಜರಿತರಾಗಿ ಮರಳಿದ ಸೈನಿಕರ ಆರೈಕೆಯ ಮೂಲಕ ಮನೋವೈದ್ಯಶಾಸ್ತ್ರ ಈ ವೃತ್ತಿಯೊಳಗೆ ಕಾಲಿಟ್ಟಿತ್ತು. ಮುಂದಿನ ಎರಡು ದಶಕ ಫ್ರಾಯ್ಡನ ಪ್ರಭಾವ ಎಷ್ಟಿತ್ತೆಂದರೆ, ನಿರುದ್ಯೋಗಿಯೊಬ್ಬನ ಬಾಲ್ಯದ ನೆನಪುಗಳಿಗೆ ಸಿಕ್ಕ ಗಮನ ಅವನು ಕಳೆದುಕೊಂಡ ಕೆಲಸಕ್ಕೆ ಸಿಗದಂಥ ಸ್ಥಿತಿಯೂ ಬಂದಿತು. ಗಾರ್ಡನ್ ಹ್ಯಾಮಿಲ್ಟನ್, ಫ್ಲಾರೆನ್ಸ್ ಹಾಲಿಸ್ ಮುಂತಾದವರು ವ್ಯಕ್ತಿಯನ್ನು ಅವನ ಸನ್ನಿವೇಶದಿಂದ ಬೇರ್ಪಡಿಸಬಾರದೆಂದು ಮತ್ತೆ ಮತ್ತೆ ಎಚ್ಚರಿಸಿದರು. 1960ರ ದಶಕದಲ್ಲಿ ಅಮೆರಿಕದ ಸಮಾಜಕಾರ್ಯ ಪಠ್ಯಕ್ರಮದಲ್ಲಿ ಮಾನವ ವರ್ತನೆ ಮತ್ತು ಸಾಮಾಜಿಕ ಪರಿಸರ ಎಂಬ ಜೋಡಿ ಹೆಸರು ನೆಲೆಯೂರಿತು. ಒಂದು ಭಾಗ ಬದಲಾದರೆ ಉಳಿದವೂ ಬದಲಾಗುತ್ತವೆ ಎನ್ನುವ ವ್ಯವಸ್ಥಾ ಸಿದ್ಧಾಂತವೂ ಪರಿಸರ ವಿಜ್ಞಾನವೂ 1970ರ ದಶಕದಲ್ಲಿ ಈ ಕ್ಷೇತ್ರವನ್ನು ಪ್ರವೇಶಿಸಿದವು. ಕ್ಯಾರೆಲ್ ಜರ್ಮೇನ್ ಮತ್ತು ಅಲೆಕ್ಸ್ ಗಿಟರ್‌ಮನ್ 1980ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಸಮಸ್ಯೆಯು ವ್ಯಕ್ತಿಯೊಳಗೂ ಇಲ್ಲ, ಪರಿಸರದೊಳಗೂ ಇಲ್ಲ, ಅವೆರಡೂ ಪರಸ್ಪರ ವರ್ತಿಸುವ ರೀತಿಯಲ್ಲಿದೆ ಎಂಬ ನಿಲುವು ಗಟ್ಟಿಯಾಯಿತು.

ಪರಿಸರ ಎಂಬುದನ್ನು ಹಾಗೆಯೇ ಬಿಟ್ಟರೆ ಅದು ಎಲ್ಲವನ್ನೂ ನುಂಗುವ ಅಸ್ಪಷ್ಟ ಪದವಾಗಿಬಿಡುತ್ತದೆ. ಅದನ್ನು ಬಿಡಿಸಿ ಹೇಳಲು ಇಂದು ತರಗತಿಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಮನೋವಿಜ್ಞಾನಿ ಯೂರಿ ಬ್ರಾನ್‌ಫೆನ್‌ಬ್ರೆನರ್ 1979ರಲ್ಲಿ ವಿಸ್ತಾರವಾಗಿ ಮಂಡಿಸಿದ ಚೌಕಟ್ಟು. ಮಗು ನೇರವಾಗಿ ಒಡನಾಡುವ ಮನೆ, ತರಗತಿ, ಗೆಳೆಯರ ಗುಂಪು ಇವು ಸೂಕ್ಷ್ಮ ವ್ಯವಸ್ಥೆಗಳು. ಇಂಥ ಎರಡು ಜಾಗಗಳ ನಡುವಿನ ಸಂಬಂಧ, ಉದಾಹರಣೆಗೆ ಮನೆಗೂ ಶಾಲೆಗೂ ಇರುವ ನಂಟು, ಮಧ್ಯಮ ವ್ಯವಸ್ಥೆ. ಮಗು ಎಂದೂ ಕಾಲಿಡದ, ಆದರೆ ಮಗುವಿನ ಬದುಕನ್ನು ನಿರ್ಧರಿಸುವ ಜಾಗಗಳು ಬಾಹ್ಯ ವ್ಯವಸ್ಥೆಗೆ ಸೇರುತ್ತವೆ. ಕಾನೂನು, ಆರ್ಥಿಕ ನೀತಿ, ಸಾಮಾಜಿಕ ಶ್ರೇಣಿ, ನಂಬಿಕೆಗಳು ಬೃಹತ್ ವ್ಯವಸ್ಥೆಗೆ. ಇವೆಲ್ಲ ಕಾಲದೊಂದಿಗೆ ಬದಲಾಗುತ್ತವೆ ಎಂಬುದನ್ನು ಸೇರಿಸಲು ಅವರು ನಂತರದ ಬರಹಗಳಲ್ಲಿ ಕಾಲವ್ಯವಸ್ಥೆಯನ್ನೂ ತಂದರು.

ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಒಂದರೊಳಗೊಂದು ವೃತ್ತ ಬರೆದು ಹೆಸರು ತುಂಬಿದರೆ ಅಂಕ ಸಿಗುತ್ತದೆ. ಆದರೆ ಈ ಚೌಕಟ್ಟಿನ ನಿಜವಾದ ಬಲ ವೃತ್ತಗಳಲ್ಲಿಲ್ಲ, ಅವುಗಳ ನಡುವಿನ ದಾರಿಗಳನ್ನು ಹಿಡಿದು ಹೋಗುವುದರಲ್ಲಿದೆ. ನಮ್ಮ ಹುಡುಗನ ಅಪ್ಪ ಊರು ಬಿಡುವ ಮೊದಲೇ ಮೇಸ್ತ್ರಿಯಿಂದ ಮುಂಗಡ ಪಡೆದಿರಬಹುದು. ಆ ಸಾಲ ತೀರುವವರೆಗೆ ಕಾಂಕ್ರೀಟಿನ ದಿನ ಕೆಲಸ ತಪ್ಪಿಸುವ ಸ್ವಾತಂತ್ರ್ಯ ಅವನಿಗಿಲ್ಲ. ಹುಡುಗ ಆ ಮೇಸ್ತ್ರಿಯೊಂದಿಗೆ ಎಂದೂ ಮಾತನಾಡಿಲ್ಲ, ಆದರೂ ಅವನ ಹಾಜರಿಯನ್ನು ನಿರ್ಧರಿಸುವವನು ಆ ಮೇಸ್ತ್ರಿ. ಶಿಕ್ಷಕರು ಪೋಷಕರ ಸಭೆಗೆ ಕರೆದಾಗ ತಂದೆ ಬರುವುದಿಲ್ಲ, ಬಂದರೆ ಆ ದಿನದ ಕೂಲಿ ಹೋಗುತ್ತದೆ. ಬಾರದಿರುವುದನ್ನು ಶಾಲೆ ನಿರಾಸಕ್ತಿ ಎಂದು ಓದುತ್ತದೆ, ಹೀಗೆ ಮನೆ ಮತ್ತು ಶಾಲೆಯ ನಂಟು ಇನ್ನಷ್ಟು ತೆಳುವಾಗುತ್ತದೆ. ರಾಯಚೂರಿನ ಕಡೆಯ ಅವನ ಮಾತಿನ ಧಾಟಿಯನ್ನು ಸಹಪಾಠಿಗಳು ಅಣಕಿಸುತ್ತಾರೆ, ಹೊಡೆದಾಟಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಶುರುವಾಗುತ್ತವೆ. ಇದರ ಹಿಂದೆ ಮಳೆಯನ್ನೇ ನಂಬಿದ ಬೇಸಾಯವಿದೆ, ಊರಲ್ಲಿ ವರ್ಷವಿಡೀ ಸಿಗದ ಕೂಲಿಯಿದೆ, ರಾಜ್ಯದ ಈಶಾನ್ಯ ಭಾಗ ಹಿಂದುಳಿದ ಬಹುಕಾಲದ ಕಥೆಯಿದೆ. ಒಂದು ಕಡೆ ಕಾನೂನೂ ಅವನ ಪರವಾಗಿದೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಯಾವ ಶಾಲೆಯೂ ಅವನಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಕಾಮಗಾರಿ ಮುಗಿದು ಕುಟುಂಬ ಮತ್ತೊಂದು ಜಾಗಕ್ಕೆ ಎತ್ತಂಗಡಿಯಾದಾಗ ಈ ಒಂದು ಸಾಲು ಗೊತ್ತಿರುವ ಸಮಾಜಕಾರ್ಯಕರ್ತರು ಅವನ ಒಂದು ಶೈಕ್ಷಣಿಕ ವರ್ಷವನ್ನೇ ಉಳಿಸಬಲ್ಲರು.

ಇಲ್ಲಿಯವರೆಗಿನ ವಿವರಣೆಯಲ್ಲಿ ಪರಿಸರ ವ್ಯಕ್ತಿಯ ಹೊರಗಿದೆ, ಹೊರಗಿನಿಂದ ಒತ್ತುತ್ತದೆ ಎಂಬ ಭಾವನೆ ಬರಬಹುದು. ಅದು ಅರ್ಧ ಸತ್ಯ. ಪರಿಸರವು ಮನುಷ್ಯನ ಒಳಕ್ಕೆ ಇಳಿದು ಅವನ ಸಾಮರ್ಥ್ಯವೆಂದು ನಾವು ಅಳೆಯುವುದನ್ನೇ ಬದಲಾಯಿಸುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಭಾರತದ ಹಳ್ಳಿಗಳಿಂದಲೇ ದೊರೆತಿದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು ಮತ್ತು ಏಳನೇ ತರಗತಿಯ ಮೇಲ್ಜಾತಿ ಹಾಗೂ ಕೆಳಜಾತಿಗಳ 642 ಹುಡುಗರಿಗೆ ಕಾಗದದ ಮೇಲಿನ ದಾರಿ ಹುಡುಕುವ ಒಗಟುಗಳನ್ನು ಕೊಟ್ಟು, ಬಿಡಿಸಿದ್ದಕ್ಕೆ ಹಣ ನೀಡಿದರು. ಯಾರ ಜಾತಿಯನ್ನೂ ಹೇಳದೆ ಬಿಡಿಸಲು ಕೊಟ್ಟಾಗ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪ್ರತಿ ಹುಡುಗನ ಹೆಸರು, ಊರು, ತಂದೆ ಮತ್ತು ತಾತನ ಹೆಸರಿನ ಜೊತೆಗೆ ಜಾತಿಯನ್ನೂ ಎಲ್ಲರ ಮುಂದೆ ಓದಿ ಹೇಳಿದ ನಂತರ ಕೆಳಜಾತಿಯ ಹುಡುಗರ ಸಾಧನೆ ಸ್ಪಷ್ಟವಾಗಿ ಕುಸಿಯಿತು. ಅದೇ ಹಳ್ಳಿಗಳ ಅದೇ ವಯಸ್ಸಿನ ಮಕ್ಕಳು, ಅದೇ ಒಗಟುಗಳು. ಬದಲಾದದ್ದು ಕೋಣೆಯಲ್ಲಿ ಗಟ್ಟಿಯಾಗಿ ಹೇಳಿದ ಒಂದು ಸಂಗತಿ ಮಾತ್ರ. ತಾವು ಎಷ್ಟೇ ಚೆನ್ನಾಗಿ ಮಾಡಿದರೂ ನ್ಯಾಯವಾದ ಫಲ ಸಿಗದೆಂಬ ನಿರೀಕ್ಷೆ ಆ ಮಕ್ಕಳಲ್ಲಿ ಕೆಲಸ ಮಾಡಿರಬಹುದೆಂಬುದು ಸಂಶೋಧಕರ ವಿವರಣೆಗಳಲ್ಲಿ ಒಂದು. ವಿದ್ಯಾರ್ಥಿವೇತನದ ಪಟ್ಟಿಯನ್ನು ಜಾತಿಯ ಹೆಸರಿನೊಂದಿಗೆ ತರಗತಿಯಲ್ಲಿ ಗಟ್ಟಿಯಾಗಿ ಓದುವ ಶಿಕ್ಷಕರು ಯಾವ ದುರುದ್ದೇಶವೂ ಇಲ್ಲದೆ ಇದೇ ಪ್ರಯೋಗವನ್ನು ಮರುಕಳಿಸುತ್ತಿರುತ್ತಾರೆ.

ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ದಿಕ್ಕಿನಲ್ಲಿ ಯೋಚಿಸುವಂತೆ ಮಾಡುತ್ತದೆ. ಕಟಾವಿಗೆ ಮುಂಚೆ ಕೈ ಖಾಲಿಯಿದ್ದಾಗ ಮತ್ತು ಕಟಾವಿನ ನಂತರ ಹಣ ಕೈಸೇರಿದಾಗ ಅದೇ 464 ರೈತರಿಗೆ ತರ್ಕ ಮತ್ತು ಗಮನದ ಪರೀಕ್ಷೆಗಳನ್ನು ಕೊಡಲಾಯಿತು. ಹಣ ಬಂದ ಮೇಲೆ ಅವರ ಫಲಿತಾಂಶ ಉತ್ತಮವಾಗಿತ್ತು. ಹಣದ ಚಿಂತೆ ಮನಸ್ಸಿನ ಒಂದು ಪಾಲನ್ನು ಸದಾ ಆಕ್ರಮಿಸಿಕೊಂಡಿರುತ್ತದೆ ಎಂಬುದು ಆ ಸಂಶೋಧಕರ ವಾದ. ನಂತರ ಬೇರೆಡೆ ನಡೆದ ಅಧ್ಯಯನಗಳೆಲ್ಲ ಒಂದೇ ಫಲಿತಾಂಶ ನೀಡಿಲ್ಲವಾದ್ದರಿಂದ ಇದನ್ನು ಸಿದ್ಧಸತ್ಯವೆಂದು ತರಗತಿಯಲ್ಲಿ ಬೋಧಿಸಬಾರದು. ಆದರೂ ಕಾರ್ಖಾನೆಯ ಬಾಕಿಗಾಗಿ ತಿಂಗಳುಗಟ್ಟಲೆ ಕಾಯುವ ಮಂಡ್ಯ ಅಥವಾ ಬೆಳಗಾವಿಯ ರೈತನೊಬ್ಬ ಅರ್ಜಿ ತುಂಬುವುದನ್ನು ಮರೆತರೆ, ಸಭೆಯಲ್ಲಿ ಸಿಡಿಮಿಡಿಗೊಂಡರೆ, ಅವನನ್ನು ಬೇಜವಾಬ್ದಾರಿ ಎನ್ನುವ ಮೊದಲು ಅದು ವರ್ಷದ ಯಾವ ತಿಂಗಳು ಎಂದು ಕೇಳುವ ಅಭ್ಯಾಸ ವಿದ್ಯಾರ್ಥಿಗೆ ಬಂದರೆ ನಷ್ಟವೇನಿಲ್ಲ.

ಭಾರತದ ಸಮಾಜಕಾರ್ಯ ಶಿಕ್ಷಣದ ಒಂದು ವೈಚಿತ್ರ್ಯವನ್ನು ಇಲ್ಲಿ ಹೇಳಬೇಕು. ಮುಂಬಯಿಯಲ್ಲಿ ನೆರೆಹೊರೆ ಕೇಂದ್ರವೊಂದನ್ನು ನಡೆಸುತ್ತಿದ್ದ ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್ಷಾರ್ಟ್ ಅವರ ಮುಂದಾಳತ್ವದಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ, ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಆರಂಭವಾದದ್ದು 1936ರಲ್ಲಿ. ಅದೇ ವರ್ಷ, ಅದೇ ನಗರದಲ್ಲಿ ಅಂಬೇಡ್ಕರ್ ಅವರು ಲಾಹೋರಿನ ಸಂಘಟಕರು ರದ್ದುಪಡಿಸಿದ ತಮ್ಮ ಭಾಷಣವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಜಾತಿಯೆಂಬುದು ಕೆಲಸದ ವಿಭಜನೆ ಮಾತ್ರವಲ್ಲ, ಕೆಲಸಗಾರರನ್ನೇ ವಿಭಜಿಸುವ ವ್ಯವಸ್ಥೆ ಎಂದು ಸಾರಿದರು. ಭಾರತೀಯ ಸಾಮಾಜಿಕ ಪರಿಸರದ ಇಷ್ಟು ನಿಖರವಾದ ವಿಶ್ಲೇಷಣೆ ಕೈಗೆಟುಕುವಷ್ಟು ಹತ್ತಿರದಲ್ಲಿದ್ದರೂ, ದಶಕಗಳ ಕಾಲ ನಮ್ಮ ಪಠ್ಯಕ್ರಮಗಳು ಅಮೆರಿಕದ ಪುಸ್ತಕಗಳ ಅಧ್ಯಾಯಗಳನ್ನೇ ಅನುಸರಿಸಿದವು. ಜಾತಿಯು ಸಮಾಜಶಾಸ್ತ್ರದ ಪತ್ರಿಕೆಯ ಒಂದು ಘಟಕವಾಗಿ ಉಳಿಯಿತೇ ಹೊರತು, ವರ್ತನೆಯನ್ನು ಅರ್ಥಮಾಡಿಕೊಳ್ಳುವ ಸಾಧನವಾಗಿ ಈ ಪತ್ರಿಕೆಯೊಳಗೆ ಬರಲು ಬಹಳ ತಡವಾಯಿತು. ದಲಿತ ಮತ್ತು ಆದಿವಾಸಿ ಹಿನ್ನೆಲೆಯ ಅಧ್ಯಾಪಕರು ಈ ಕೊರತೆಯನ್ನು ಎತ್ತಿ ತೋರಿಸಿದ ಮೇಲೆ ಕೆಲವು ಸಂಸ್ಥೆಗಳಲ್ಲಿ ಬದಲಾವಣೆ ಬಂದಿದೆ, ಎಲ್ಲೆಡೆಯೂ ಅಲ್ಲ.

ಬದುಕಿನ ಹಂತಗಳ ಸಿದ್ಧಾಂತಗಳಲ್ಲೂ ಇದೇ ತೊಡಕಿದೆ. ಎರಿಕ್ ಎರಿಕ್ಸನ್ 1950ರಲ್ಲಿ ಮಂಡಿಸಿದ ಎಂಟು ಹಂತಗಳಲ್ಲಿ ಐದನೆಯದಾದ ಹದಿಹರೆಯವು ತಾನು ಯಾರು ಎಂದು ಹುಡುಕುವ ಕಾಲ, ಹಲವು ಪಾತ್ರಗಳನ್ನು ಪರೀಕ್ಷಿಸಿ ನೋಡಲು ಸಮಾಜ ಕೊಡುವ ಒಂದು ಬಗೆಯ ಬಿಡುವು. ಹದಿನಾರಕ್ಕೆ ಮದುವೆ ನಿಶ್ಚಯವಾದ ಹುಡುಗಿಗೆ, ಹನ್ನೆರಡಕ್ಕೇ ತಂಗಿಯ ಪೋಷಕನಾದ ಹುಡುಗನಿಗೆ ಆ ಬಿಡುವು ಸಿಗುವುದೇ ಇಲ್ಲ. ಕರ್ನಾಟಕವು ಕಾನೂನಿಗೆ ತಿದ್ದುಪಡಿ ತಂದು ಬಾಲ್ಯವಿವಾಹವನ್ನು ಮೊದಲಿಂದಲೇ ಅಸಿಂಧುವೆಂದು ಸಾರಿದ ರಾಜ್ಯ. ಆದರೂ ಅಂಥ ಮದುವೆಗಳು ನಿಂತಿಲ್ಲ. ಹಂತಗಳ ಪಟ್ಟಿಯನ್ನು ಎಲ್ಲರಿಗೂ ಒಂದೇ ಅಳತೆಗೋಲಾಗಿ ಬಳಸಿದರೆ ಈ ಮಕ್ಕಳು ಬೆಳವಣಿಗೆಯಲ್ಲಿ ಹಿಂದುಳಿದವರಂತೆ ಕಾಣುತ್ತಾರೆ. ಒಂದು ವಯಸ್ಸಿನಲ್ಲಿ ಏನು ಸಿಗಬೇಕಿತ್ತು, ಈ ಮಗುವಿಗೆ ಅದರಲ್ಲಿ ಏನು ಸಿಗಲಿಲ್ಲ ಎಂದು ಕೇಳುವ ಪ್ರಶ್ನಾವಳಿಯಂತೆ ಬಳಸಿದರೆ ಮಾತ್ರ ಎರಿಕ್ಸನ್ ಉಪಯೋಗಕ್ಕೆ ಬರುತ್ತಾರೆ.

ಒಂದೇ ವರ್ತನೆಗೆ ಬೇರೆಬೇರೆ ಜಾಗಗಳಲ್ಲಿ ಬೇರೆಬೇರೆ ಅರ್ಥವಿರುತ್ತದೆ ಎಂಬುದಕ್ಕೆ ಮೈಮೇಲೆ ಬರುವುದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮಲ್ಲಿ ಸಿಗಲಾರದು. ತುಳುನಾಡಿನಲ್ಲಿ ದೈವದ ಕೋಲ ನಡೆಯುವಾಗ ನಿಯತ ವ್ಯಕ್ತಿಯ ಮೈಮೇಲೆ ನಿಯತ ಹೊತ್ತಿನಲ್ಲಿ, ಊರವರೆಲ್ಲರ ಸಮ್ಮುಖದಲ್ಲಿ ದೈವ ಆವೇಶಗೊಳ್ಳುತ್ತದೆ. ನುಡಿ ಕೊಡುತ್ತದೆ, ವ್ಯಾಜ್ಯ ಬಗೆಹರಿಸುತ್ತದೆ. ಅದನ್ನು ರೋಗವೆನ್ನುವವರು ಮನೋವೈದ್ಯಶಾಸ್ತ್ರವನ್ನೂ ಸರಿಯಾಗಿ ಓದಿದವರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯೇ, ಧಾರ್ಮಿಕವಾಗಿ ಅಥವಾ ಸಾಂಸ್ಕೃತಿಕವಾಗಿ ಒಪ್ಪಿತವಾದ ಸಂದರ್ಭದ ಹೊರಗೆ, ಇಚ್ಛೆಗೆ ವಿರುದ್ಧವಾಗಿ ಬಂದು ಬದುಕಿಗೆ ಅಡ್ಡಿಯಾಗುವ ಆವೇಶವನ್ನು ಮಾತ್ರ ವ್ಯಾಧಿಯೆಂದು ಪರಿಗಣಿಸುತ್ತದೆ. ಈಗ ಇನ್ನೊಂದು ಸನ್ನಿವೇಶ ನೋಡೋಣ. ಮದುವೆಯಾಗಿ ಒಂದು ವರ್ಷವಾದ ಸೊಸೆಯೊಬ್ಬಳ ಮೈಮೇಲೆ ಯಾವ ಹಬ್ಬವೂ ಇಲ್ಲದ ದಿನ, ಅದೂ ಅತ್ತೆಯೊಂದಿಗೆ ಜಗಳವಾದ ಸಂಜೆಗಳಲ್ಲಿ, ದೇವರು ಬರುತ್ತದೆ ಎಂದಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಅವಳು ಗಂಡನನ್ನು ಏಕವಚನದಲ್ಲಿ ಬೈಯುತ್ತಾಳೆ, ತವರಿಗೆ ಕಳುಹಿಸಿ ಎಂದು ಆಜ್ಞಾಪಿಸುತ್ತಾಳೆ. ಎಲ್ಲರೂ ಕೈಮುಗಿದು ಕೇಳುತ್ತಾರೆ. ಬೇರೆ ಯಾವ ಹೊತ್ತಿನಲ್ಲೂ ಆ ಮನೆಯಲ್ಲಿ ಅವಳ ಮಾತಿಗೆ ಬೆಲೆಯಿಲ್ಲ. ಅವಳು ನಟಿಸುತ್ತಿದ್ದಾಳೆ ಎಂಬ ತೀರ್ಮಾನ ಕ್ರೂರವಾದದ್ದು, ಬಹುಪಾಲು ತಪ್ಪು ಕೂಡ. ಅವಳಿಗೆ ಕಾಯಿಲೆ ಎಂದು ಹೇಳಿ ಮಾತ್ರೆಯಲ್ಲಿ ಮುಗಿಸುವುದು ಅಪೂರ್ಣ. ದೇವರಾಗದೆಯೂ ಮಾತನಾಡಬಹುದಾದ ಒಂದು ಜಾಗ ಆ ಮನೆಯಲ್ಲಿ ಅವಳಿಗೆ ಸಿಗುವಂತೆ ಮಾಡುವುದು ಸಮಾಜಕಾರ್ಯಕರ್ತರ ಪಾಲಿನ ಕೆಲಸ. ಅದಕ್ಕೆ ಅವಳಿಗಿಂತ ಹೆಚ್ಚು ಗಂಡ ಮತ್ತು ಅತ್ತೆಯೊಂದಿಗೆ ಕೂರಬೇಕಾಗುತ್ತದೆ.

ಕುಟುಂಬವನ್ನು ಚಿಕಿತ್ಸೆಯ ಹೊರಗಿಡಬಾರದೆಂಬ ತಿಳಿವಳಿಕೆಯಲ್ಲಿ ಭಾರತಕ್ಕೆ ತನ್ನದೇ ಆದ ಇತಿಹಾಸವಿದೆ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ರೋಗಿಗಳ ಮನೆಯವರು ಆವರಣದಲ್ಲೇ ಡೇರೆಗಳಲ್ಲಿ ಉಳಿದುಕೊಳ್ಳಲು ಅವಕಾಶ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಮನೆಯವರು ರೋಗಿಯ ಜೊತೆಗೇ ಇರುವ ವ್ಯವಸ್ಥೆ ಬೆಳೆಯಿತು, ಮನೋವೈದ್ಯಕೀಯ ಸಮಾಜಕಾರ್ಯ ಅಲ್ಲಿ ಪ್ರತ್ಯೇಕ ವಿಭಾಗವಾಗಿ ನೆಲೆನಿಂತಿತು. ಆನೇಕಲ್ ಕಡೆಯ ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಪಡೆದ ಅನುಭವ ಬಳ್ಳಾರಿ ಜಿಲ್ಲೆಯ ಪ್ರಯೋಗಕ್ಕೆ ದಾರಿಮಾಡಿತು. ಆ ಪ್ರಯೋಗವೇ 1996ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪಶ್ಚಿಮದಲ್ಲಿ ರೋಗಿಯನ್ನು ಮನೆಯಿಂದ ಬೇರ್ಪಡಿಸಿ ಇರಿಸುವುದು ದೀರ್ಘಕಾಲ ರೂಢಿಯಾಗಿದ್ದರೆ, ಇಲ್ಲಿ ಹಾಸಿಗೆ ಮತ್ತು ಸಿಬ್ಬಂದಿಯ ಕೊರತೆಯೂ ಸೇರಿದಂತೆ ಹಲವು ಕಾರಣಗಳಿಂದ ಕುಟುಂಬ ಒಳಬಂದಿತು. ಇದನ್ನು ಈ ಪತ್ರಿಕೆಯಲ್ಲಿ ಎರಿಕ್ಸನ್ನರಷ್ಟೇ ಪ್ರಾಮುಖ್ಯ ಕೊಟ್ಟು ಬೋಧಿಸಬೇಕೆಂಬುದು ನನ್ನ ಅಭಿಪ್ರಾಯ.

ಪರಿಸರದ ಪಾಠ ಚೆನ್ನಾಗಿ ತಲೆಗೆ ಹತ್ತಿದ ವಿದ್ಯಾರ್ಥಿ ಇನ್ನೊಂದು ಬದಿಯ ಹಳ್ಳಕ್ಕೆ ಬೀಳುವ ಅಪಾಯವಿದೆ. ಎಲ್ಲ ವರ್ತನೆಗೂ ಪರಿಸರವೇ ಕಾರಣವಾದರೆ ಯಾರೂ ಯಾವುದಕ್ಕೂ ಹೊಣೆಯಲ್ಲ ಎಂದಾಗುತ್ತದೆ. ಹೆಂಡತಿಯನ್ನು ಹೊಡೆಯುವ ಗಂಡನ ಪ್ರಕರಣದಲ್ಲಿ ಇದು ಅತ್ಯಂತ ಅಪಾಯಕಾರಿಯಾಗಿ ಕಾಣಿಸಿಕೊಳ್ಳುತ್ತದೆ: ಅವನಿಗೆ ಕೆಲಸವಿಲ್ಲ, ಕುಡಿತವಿದೆ, ಅವನ ಅಪ್ಪನೂ ಹೊಡೆಯುತ್ತಿದ್ದ ಎಂದು ವರದಿ ಸಾಗುತ್ತದೆ, ಕೊನೆಗೆ ಹೊಂದಿಕೊಂಡು ಹೋಗಲು ಹೆಂಡತಿಗೆ ಬುದ್ಧಿ ಹೇಳುವಲ್ಲಿ ಮುಗಿಯುತ್ತದೆ. ಇಲ್ಲಿ ಪರಿಸರವನ್ನು ಸಾಕಷ್ಟು ಓದಿಲ್ಲ ಎಂಬುದೇ ದೋಷ. ಅದೇ ಮನುಷ್ಯ ಅದೇ ಕುಡಿತದಲ್ಲಿ ಕೂಲಿ ಕೊಡದ ಗುತ್ತಿಗೆದಾರನನ್ನು ಹೊಡೆಯುವುದಿಲ್ಲ. ಯಾರನ್ನು ಹೊಡೆದರೆ ಶಿಕ್ಷೆಯಿಲ್ಲ ಎಂಬುದು ಅವನಿಗೆ ಅಮಲಿನಲ್ಲೂ ಗೊತ್ತಿರುತ್ತದೆ, ಆ ತಿಳಿವಳಿಕೆಯನ್ನು ಕೊಟ್ಟದ್ದೂ ಪರಿಸರವೇ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಆ ಬೇಡಿಕೆಯ ಹಿಂದೆ ಹಳ್ಳಿಯ ಹೆಂಗಸರ ದೊಡ್ಡ ಬಲವಿತ್ತು. ಆದರೆ ಹೊಡೆತದ ಪ್ರಶ್ನೆ ಬಾಟಲಿಯ ಜೊತೆಗೆ ಹೊರಟುಹೋಗಲಿಲ್ಲ. ಕಾರಣವನ್ನು ವಿವರಿಸುವುದು ಬೇರೆ, ಕ್ಷಮಿಸುವುದು ಬೇರೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾ ಆದೇಶ ಕೊಡಿಸುವ ಕೆಲಸವನ್ನೂ, ಆ ಗಂಡನ ಬಾಲ್ಯವನ್ನು ಅರ್ಥಮಾಡಿಕೊಳ್ಳುವ ಕೆಲಸವನ್ನೂ ಒಬ್ಬರೇ ಸಮಾಜಕಾರ್ಯಕರ್ತರು ಒಂದೇ ವಾರದಲ್ಲಿ ಮಾಡಬೇಕಾಗಿ ಬರುತ್ತದೆ.

ಪರಿಸರವೇ ವಿಧಿಯಲ್ಲ ಎಂಬುದಕ್ಕೆ ಪುರಾವೆಗಳೂ ಇವೆ. ಹವಾಯಿ ದ್ವೀಪಸಮೂಹದ ಕವಾಯ್‌ನಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡಿದರು. ಬಡತನ, ಮನೆಯ ಕಲಹ, ಪೋಷಕರ ಮಾನಸಿಕ ಅಸ್ವಾಸ್ಥ್ಯದಂಥ ಹಲವು ಅಪಾಯಗಳ ನಡುವೆ ಬೆಳೆದವರಲ್ಲೂ ಸುಮಾರು ಮೂರನೆಯ ಒಂದು ಭಾಗ ಸಮರ್ಥ, ಕಾಳಜಿಯುಳ್ಳ ವಯಸ್ಕರಾದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡುಬಂದ ಒಂದು ಅಂಶವೆಂದರೆ ನಂಬಬಹುದಾದ, ಬಿಟ್ಟುಹೋಗದ ಒಬ್ಬ ಹಿರಿಯರ ಇರವು. ಅವರು ಅಜ್ಜಿಯಾಗಿರಬಹುದು, ಶಿಕ್ಷಕಿಯಾಗಿರಬಹುದು. ಈ ಫಲಿತಾಂಶವನ್ನೂ ತಿರುಚಿ, ಗಟ್ಟಿ ಮನಸ್ಸಿದ್ದರೆ ಯಾರಾದರೂ ಮೇಲೆ ಬರಬಹುದೆಂಬ ಉಪದೇಶವಾಗಿ ಬಳಸುವವರಿದ್ದಾರೆ. ಆ ಅಜ್ಜಿಯೂ ಪರಿಸರದ ಭಾಗವೇ ಎಂಬುದನ್ನು ಅವರು ಗಮನಿಸುವುದಿಲ್ಲ.

ಇಷ್ಟನ್ನು ಕಲಿಸುವುದು ಹೇಗೆ? ಉಪನ್ಯಾಸದಿಂದ ಇದು ಸಾಧ್ಯವಿಲ್ಲ ಎಂಬ ಅರಿವು ಸಮಾಜಕಾರ್ಯ ಶಿಕ್ಷಣಕ್ಕೆ ಮೊದಲಿಂದಲೂ ಇದೆ, ಹಾಗಾಗಿಯೇ ಕ್ಷೇತ್ರಕಾರ್ಯ ಇಲ್ಲಿ ಪಠ್ಯದ ಅಂಚಿನಲ್ಲಿಲ್ಲ, ನಡುವಿನಲ್ಲಿದೆ. ಆನ್ ಹಾರ್ಟ್‌ಮನ್ 1970ರ ದಶಕದಲ್ಲಿ ರೂಪಿಸಿದ ಇಕೋಮ್ಯಾಪ್ ಎಂಬ ಸಾಧನ ಸರಳವಾದದ್ದು: ನಡುವೆ ಕುಟುಂಬವನ್ನು ಬರೆದು, ಸುತ್ತ ಶಾಲೆ, ಕೆಲಸ, ಬಂಧುಗಳು, ಪಡಿತರ ಅಂಗಡಿ, ಸಾಲ ಕೊಟ್ಟವರು, ದೇವಸ್ಥಾನ, ಸ್ವಸಹಾಯ ಸಂಘ ಹೀಗೆ ಎಲ್ಲವನ್ನೂ ಗುರುತಿಸಿ, ಯಾವ ನಂಟು ಗಟ್ಟಿ, ಯಾವುದು ಸಡಿಲ, ಯಾವುದು ಹಿಂಡುತ್ತದೆ ಎಂದು ಬೇರೆಬೇರೆ ಗೆರೆಗಳಲ್ಲಿ ತೋರಿಸುವುದು. ಸೇವಾರ್ಥಿಯ, ಅಂದರೆ ನೆರವು ಪಡೆಯುವವರ ಜೊತೆಯಲ್ಲೇ ಕೂತು ಇದನ್ನು ಬರೆದರೆ, ಹಲವು ಬಾರಿ ಅವರೇ ತಮ್ಮ ಬದುಕಿನಲ್ಲಿ ಗಮನಿಸದಿದ್ದ ಒಂದು ಗೆರೆಯನ್ನು ತೋರಿಸುತ್ತಾರೆ. ಭೇಟಿಯಲ್ಲಿ ನಡೆದ ಮಾತುಕತೆಯನ್ನು ಆದಷ್ಟು ಹಾಗೆಯೇ ಬರೆದು, ಪಕ್ಕದಲ್ಲಿ ತನಗೆ ಏನನ್ನಿಸಿತು ಎಂದು ಟಿಪ್ಪಣಿ ಮಾಡುವ ವಿಸ್ತೃತ ದಾಖಲೆಯೂ ಹಳೆಯ ಪದ್ಧತಿಯೇ. ಎಂಟು ಹಂತಗಳನ್ನು ವಿವರಿಸಿ ಎಂಬ ಹತ್ತು ಅಂಕದ ಪ್ರಶ್ನೆ ಉಳಿದಿರುವವರೆಗೆ ವಿದ್ಯಾರ್ಥಿಗಳು ಎಂಟು ಹಂತಗಳನ್ನೇ ಬಾಯಿಪಾಠ ಮಾಡುತ್ತಾರೆ. ಆ ಜಾಗದಲ್ಲಿ ಒಂದು ಪುಟದ ಪ್ರಕರಣ ಕೊಟ್ಟು, ನೀವು ಮೊದಲು ಯಾರನ್ನು ಭೇಟಿಯಾಗುತ್ತೀರಿ, ಏಕೆ ಎಂದು ಕೇಳುವ ಪ್ರಶ್ನೆ ಪತ್ರಿಕೆ ರೂಪಿಸುವುದು ಅಸಾಧ್ಯವೇನಲ್ಲ.

ವಿಸ್ತೃತ ದಾಖಲೆ ಬರೆಸುವುದಕ್ಕೆ ಇನ್ನೊಂದು ಕಾರಣವಿದೆ. ತಗಡಿನ ಶೆಡ್ಡಿನೊಳಗೆ ಕೈಯಲ್ಲಿ ನೋಟ್‌ಬುಕ್ ಹಿಡಿದು ಬಂದ ವಿದ್ಯಾರ್ಥಿ ಆ ಕ್ಷಣದಿಂದಲೇ ಆ ಕುಟುಂಬದ ಪರಿಸರದ ಒಂದು ಭಾಗವಾಗುತ್ತಾರೆ. ಅವರ ಉಡುಪು, ಅವರ ಕನ್ನಡದ ಧಾಟಿ, ಕೊಟ್ಟ ನೀರನ್ನು ಕುಡಿದರೋ ಇಲ್ಲವೋ ಎಂಬುದು, ಮಾತಿನ ನಡುವೆ ಸಹಜವೆಂಬಂತೆ ಕೇಳಿಬರುವ ನೀವು ಯಾವ ಕಡೆಯವರು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ, ಇವೆಲ್ಲವೂ ಆ ಮನೆಯವರು ಏನು ಹೇಳುತ್ತಾರೆ, ಏನನ್ನು ಮುಚ್ಚಿಡುತ್ತಾರೆ ಎಂಬುದನ್ನು ನಿರ್ಧರಿಸುತ್ತವೆ. ಸರ್ಕಾರದ ಕಡೆಯವರೆಂದು ಭಾವಿಸಿದರೆ ಸಾಲದ ಮಾತೇ ಬರುವುದಿಲ್ಲ. ಶಾಲೆಯ ಕಡೆಯವರೆಂದು ಭಾವಿಸಿದರೆ ನಾಳೆಯಿಂದ ತಪ್ಪದೆ ಕಳುಹಿಸುತ್ತೇವೆ ಎಂಬ ಮಾತು ಬಿಟ್ಟು ಬೇರೇನೂ ಬರುವುದಿಲ್ಲ. ಮೇಲ್ವಿಚಾರಕರು ದಾಖಲೆಯನ್ನು ಓದುವಾಗ ಮನೆಯವರ ಉತ್ತರಗಳನ್ನು ನೋಡುವಷ್ಟೇ ಸೂಕ್ಷ್ಮವಾಗಿ ವಿದ್ಯಾರ್ಥಿ ಕೇಳಿದ ಪ್ರಶ್ನೆಗಳನ್ನೂ ನೋಡುತ್ತಾರೆ: ತಾಯಿ ಮೌನವಾದ ಕಡೆ ವಿದ್ಯಾರ್ಥಿ ಏನು ಕೇಳಿದ್ದರು, ಯಾವ ಮಾತನ್ನು ಅರ್ಧಕ್ಕೆ ತಡೆದರು, ಹುಡುಗನ ಜೊತೆ ಒಂಟಿಯಾಗಿ ಮಾತನಾಡಲು ಎಷ್ಟು ಹೊತ್ತು ಕೊಟ್ಟರು, ಮುಂದಿನ ಭೇಟಿಗೆ ಕಾಂಕ್ರೀಟು ಹಾಕದ ದಿನವನ್ನು ಆರಿಸಿಕೊಂಡರೇ.